ಬೀಜವಿಲ್ಲದ ತಿಂಗಳು

ಕಳೆದ ವಾರ ಮಿಶಿಗನ್ನಿನ ಕ್ಯಾಂಟನ್‌ನಲ್ಲಿ ಸುಮಾ ಆಂಟಿಯವರ ಮನೆಗೆ ಊಟಕ್ಕೆ ಹೋಗಿದ್ದೆ. ಎಲ್ಲರೂ ಮೇಜಿನ ಸುತ್ತ ಕೂತ ಮೇಲೆ ಆಂಟಿ ಮನೆಯಲ್ಲೇ ಹಾಕಿದ ಬೆಳ್ಳುಳ್ಳಿ ಉಪ್ಪಿನಕಾಯಿಯ ಸೀಸೆ ತಂದು ಮುಚ್ಚಳ ತಿರುಗಿಸಿದರು. ಟಕ್ ಎಂದು ಒಂದು ಸಣ್ಣ ಸದ್ದಾಯಿತು. ಹಿಂದೆಯೇ ಎಣ್ಣೆಯಲ್ಲಿ ನೆನೆದ ಬೆಳ್ಳುಳ್ಳಿಯ ವಾಸನೆ ಬಂತು. ಉಳಿದವರೆಲ್ಲ ತಟ್ಟೆ ಮುಂದೆ ನೂಕಿದರು. ನನ್ನ ಕೈ ತಾನಾಗಿ ನನ್ನ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಿತು.

“ಯಾಕೆ ಪಲ್ಲವಿ, ಹಾಕಿಸ್ಕೊಳಲ್ವಾ? ಓಹೋ, ನೀವು ಧಾರವಾಡದ ಆಚಾರ್ರ ಮನೆಯೋರು, ಬೆಳ್ಳುಳ್ಳಿ ಮುಟ್ಟಲ್ಲ,” ಎಂದು ಆಂಟಿ ನಕ್ಕರು.

“ಶೀ ಈಸ್ ಸ್ಕೇರ್ಡ್ ಆಫ್ ಜಾರ್ಸ್, ಮಾಮ್,” ಎಂದಳು ಹೈಸ್ಕೂಲು ಓದುವ ಅವರ ಮಗಳು, ಫೋನಿನಿಂದ ತಲೆ ಎತ್ತದೆ.

ಅವಳು ಹೇಳಿದ್ದು ನಿಜ. ಆ ಉಪ್ಪಿನಕಾಯಿಯಲ್ಲಿ ದೋಷವೇನೂ ಇರಲಿಲ್ಲ. ನಿಂಬೆಹುಳಿ, ಉಪ್ಪು, ಖಾರ ಎಲ್ಲ ಸರಿಯಾಗಿಯೇ ಬಿದ್ದಿತ್ತು. ಆದರೂ ಊಟ ಮುಗಿದು ಎಲ್ಲರೂ ಹರಟುತ್ತಿದ್ದರೆ ನಾನು ಒಬ್ಬೊಬ್ಬರ ಕಣ್ಣಿನ ರೆಪ್ಪೆ ನೋಡುತ್ತಾ ಕೂತಿದ್ದೆ. ರೆಪ್ಪೆ ಪೂರ್ತಿ ತೆರೆದಿದೆಯೇ, ಮಾತು ಮೂಗಿನಿಂದ ಬರುತ್ತಿದೆಯೇ, ಯಾರಾದರೂ ಪದೇಪದೇ ನೀರು ಕುಡಿಯುತ್ತಿದ್ದಾರೆಯೇ. ಇದು ನನಗೆ ಅಂಟಿದ ಚಟ. ಮೂರು ವರ್ಷದ ಹಿಂದೆ, ಎಲೆ ಉದುರುವ ಕಾಲದಲ್ಲಿ, ಶೆಲ್ಬಿ ಟೌನ್‌ಶಿಪ್‌ನ ಒಂದು ಇಟಾಲಿಯನ್ ಮನೆಯಲ್ಲಿ ಅಂಟಿದ್ದು.

ಆಗ ನಾನು ವಿಕ್ಸಮ್‌ನ ಅಪಾರ್ಟ್‌ಮೆಂಟೊಂದರಲ್ಲಿದ್ದೆ. ಸೆಪ್ಟೆಂಬರಿನಲ್ಲಿ ಮೇಲಿನ ಮನೆಯ ನೀರಿನ ಪೈಪ್ ಒಡೆದು ನನ್ನ ಹಾಸಿಗೆಯ ಮೇಲೆ ಚಾವಣಿಯೇ ಕಳಚಿ ಬಿತ್ತು. ರಿಪೇರಿ ಮುಗಿಯಲು ಚಳಿಗಾಲ ಬರಬೇಕು ಎಂದರು. ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬಾಗಿಲುಗಳನ್ನು ಚಳಿ ಪೆಟ್ಟಿಗೆಯಲ್ಲಿಟ್ಟು ತೆಗೆದು ಮುಚ್ಚಿ ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ಪಕ್ಕದ ಮೇಜಿನ ಟೀನಾ ವಿಷಯ ಕೇಳಿದವಳೇ, “ನಮ್ಮ ಮನೇಲಿ ರೂಮ್ ಖಾಲಿ ಇದೆ, ಬಂದುಬಿಡು. ಆದ್ರೆ ನಮ್ಮಜ್ಜಿ ನಿನ್ನ ದಪ್ಪ ಮಾಡಿ ಕಳಿಸ್ತಾಳೆ, ಆಮೇಲೆ ನನ್ನ ಬೈಬೇಡ,” ಎಂದಳು.

ಆ ಮನೆಯಲ್ಲಿ ಇದ್ದವರು ಮೂವರು. ಟೀನಾ, ಅವಳ ತಂದೆ ಸಾಲ್ವತೋರೆ, ಜೀವನವಿಡೀ ಬೇರೆಯವರ ಮನೆಗಳಿಗೆ ಟೈಲ್ಸ್ ಹಾಕಿ ಈಗ ಮಂಡಿ ಹಿಡಿದುಕೊಂಡು ಓಡಾಡುವವರು, ಅವರ ತಾಯಿ ಕೊಂಚೆತ್ತಾ, ದಕ್ಷಿಣ ಇಟಲಿಯ ಹಳ್ಳಿಯೊಂದರಿಂದ ಮದುವೆಯಾಗಿ ಡೆಟ್ರಾಯಿಟ್‌ಗೆ ಬಂದವರು. ಟೀನಾಳ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಕೊಂಚೆತ್ತಾ ಅವರನ್ನು ಎಲ್ಲರೂ ನೊನ್ನಾ, ಅಂದರೆ ಅಜ್ಜಿ, ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ತಂದೆಯನ್ನು ಬರೀ ಹೆಸರು ಹಿಡಿದು ಕರೆಯಲು ಬಾಯಿ ಬಾರದೆ ಸಾಲ್ ಅಂಕಲ್ ಎಂದೆ.

“ಅಂಕಲ್ಲಾ? ನಿಮ್ಮಪ್ಪನಿಗೆ ತಮ್ಮ ಆದ್ನಾ ನಾನು? ಹಾಗಾದ್ರೆ ಆಸ್ತಿಯಲ್ಲಿ ಪಾಲು ಕೇಳ್ತೀನಿ,” ಎಂದು ಅವರು ನಕ್ಕರು. ನೊನ್ನಾಗೆ ಪಲ್ಲವಿ ಎನ್ನಲು ಬರಲಿಲ್ಲ. ಮೊದಲ ದಿನವೇ ನಾನು ಪಾಲಾ ಆದೆ.

ಮೇಲಿನ ಅಡುಗೆಮನೆ ಥಳಥಳ ಹೊಳೆಯುತ್ತಿತ್ತು, ಏಕೆಂದರೆ ಅಲ್ಲಿ ಯಾರೂ ಅಡುಗೆ ಮಾಡುತ್ತಿರಲಿಲ್ಲ. ನಿಜವಾದ ಅಡುಗೆಮನೆ ಬೇಸ್‌ಮೆಂಟಿನಲ್ಲಿತ್ತು. ಹಳೆಯ ಒಲೆ, ಉದ್ದನೆಯ ಮೇಜು, ಮೂಲೆಯಲ್ಲಿ ಫರ್ನೇಸಿನ ಗುಂಯ್ಗುಡುವಿಕೆ. ಒಲೆಯ ಹಿಂದೆ ಒಂದು ಸಣ್ಣ ಬಾಗಿಲು. ಅದನ್ನು ತೆಗೆದರೆ ಮನೆಯ ಮುಂದಿನ ಜಗುಲಿಯ ಕೆಳಗಿನ ಕಿಟಕಿಯಿಲ್ಲದ ಕೋಣೆ, ತಣ್ಣಗೆ, ಮಣ್ಣಿನ ವಾಸನೆ ಹೊತ್ತು. ಅಲ್ಲಿ ಸಾಲಾಗಿ ಸೀಸೆಗಳು. ಟೊಮೇಟೊ, ಬದನೆ, ಅಣಬೆ, ಸುಟ್ಟು ಸಿಪ್ಪೆ ತೆಗೆದ ಕೆಂಪು ದಪ್ಪ ಮೆಣಸಿನಕಾಯಿ. ಬೇಸಿಗೆಯ ತೋಟವೆಲ್ಲ ಎಣ್ಣೆಯಲ್ಲಿ ಮುಳುಗಿ ಕತ್ತಲಲ್ಲಿ ಕಾಯುತ್ತಿತ್ತು.

ಆ ಊಟದ ಸುಖ ಹೇಳಬೇಕು, ಹೇಳದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ನಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂದಾಗ ನೊನ್ನಾ ಬೇಸರಪಡಲಿಲ್ಲ. ರವೆಗೆ ಬಿಸಿನೀರು ಹಾಕಿ ನಾದಿ, ಸಣ್ಣ ಸಣ್ಣ ಉಂಡೆ ಕತ್ತರಿಸಿ, ಮೇಜಿನ ಮೇಲೆ ಬೆರಳಿನಿಂದ ಒತ್ತಿ ಎಳೆದರು. ಒಂದೊಂದು ಉಂಡೆಯೂ ಚಿಪ್ಪಿನಂತೆ ಸುರುಳಿಯಾಯಿತು. ಧಾರವಾಡದಲ್ಲಿ ಮದುವೆಗೆ ಮೊದಲು ಹೆಂಗಸರು ಕೂತು ಪಾಯಸದ ಗವಲಿ ಹೊಸೆಯುವುದು ಹೀಗೆಯೇ. ನಾನೂ ಪಕ್ಕದಲ್ಲಿ ಕೂತು ಹೊಸೆದೆ. ನೊನ್ನಾ ನನ್ನದೊಂದನ್ನು ಎತ್ತಿ ಬೆಳಕಿಗೆ ಹಿಡಿದು, “ಯಾರು ಕಲಿಸಿದ್ದು?” ಎಂದರು. “ನನ್ನ ನೊನ್ನಾ,” ಎಂದೆ. ಅಂದಿನಿಂದ ಸಂಜೆ ಕೆಲಸ ಮುಗಿಸಿ ಬಂದರೆ ಮೇಲೆ ಕೋಟು ಕಳಚಿ ನೇರ ಬೇಸ್‌ಮೆಂಟಿಗೆ ಇಳಿಯುತ್ತಿದ್ದೆ. ಹೂಕೋಸು ಕರಗುವವರೆಗೆ ಬೇಯಿಸಿದ್ದು, ಹುರುಳಿಕಾಯಿ ಆಲೂಗಡ್ಡೆ, ಬಿಳಿ ಅವರೆಯ ಸಾರು, ಒಲೆಯ ಮೇಲೆ ಕೆಂಪಗೆ ಕುದಿಯುವ ಟೊಮೇಟೊ. ಅಮೆರಿಕಕ್ಕೆ ಬಂದ ಮೇಲೆ ನನ್ನ ಊಟಕ್ಕಾಗಿ ಬೇರೊಬ್ಬರು ಕಾಯುತ್ತಾ ನಿಂತದ್ದು ಅದೇ ಮೊದಲು.

ಅಕ್ಟೋಬರಿನಲ್ಲಿ ಅಮ್ಮನ ಫೋನ್ ಬಂತು. ಅಮ್ಮನಿಗೆ ಆಗಷ್ಟೇ ಆಪರೇಷನ್ ಆಗಿತ್ತು.

“ಪಲ್ಲವಿ, ಈ ವರ್ಷ ದ್ವಿದಳ ವ್ರತ ನನ್ನ ಕೈಲೆ ಆಗೂದಿಲ್ಲ. ಡಾಕ್ಟರ್ ಬ್ಯಾಳಿ ತಿನ್ನಲಿಕ್ಕೇ ಬೇಕು ಅಂದಾರ. ಇಷ್ಟು ವರ್ಷ ಬಿಟ್ಟಿಲ್ಲ ನಾ. ಈ ಒಂದ್ ತಿಂಗಳಾ ನನ್ನ ಬದಲಿ ನೀ ಹಿಡಿತಿಯೇನು?”

“ಅಮ್ಮ, ನಾ ಇಟಾಲಿಯನ್ ಮಂದಿ ಮನ್ಯಾಗ ಇದ್ದೀನಿ.”

“ಇದ್ರೇನಾತು? ಅವರೂ ಉಣ್ಣೋ ಮಂದೀನ ಅಲ್ಲ?”

ಚಾತುರ್ಮಾಸ್ಯದ ಕೊನೆಯ ತಿಂಗಳ ವ್ರತ ಅದು. ಬೇಳೆಕಾಳು ಇಲ್ಲ. ಬಹುಬೀಜದ, ಅಂದರೆ ಹೊಟ್ಟೆ ತುಂಬ ಬೀಜವಿರುವ ಕಾಯಿಪಲ್ಯ ಇಲ್ಲ. ಟೊಮೇಟೊ, ಬದನೆ, ಸೌತೆ, ಎಲ್ಲ ಜಾತಿಯ ಮೆಣಸಿನಕಾಯಿ, ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂತೂ ಕೇಳುವುದೇ ಬೇಡ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಅಮ್ಮನ ದನಿ ಸೋತಿತ್ತು, ಅದಕ್ಕೆ ಒಪ್ಪಿದೆ.

ಇದನ್ನು ಟೊಮೇಟೊ ಕುದಿಯುತ್ತಿದ್ದ ಒಲೆಯ ಮುಂದೆ ನಿಂತು ನೊನ್ನಾಗೆ ಹೇಳಬೇಕಾಯಿತು. ಅವರ ಇಂಗ್ಲಿಷ್ ಮುರುಕು. ಟೀನಾ ಅರ್ಧ ಅನುವಾದಿಸಿ ನಗು ತಡೆಯಲಾರದೆ ಹೊರಟುಹೋದಳು. ನೊನ್ನಾ ನಗಲಿಲ್ಲ. ಹೆಬ್ಬೆರಳಿನ ಉಗುರನ್ನು ಕಿರುಬೆರಳ ತುದಿಗಿಟ್ಟು, ಇಷ್ಟೇ ಇಷ್ಟು ಎಂಬಂತೆ ಮೆಲ್ಲಗೆ ಉಜ್ಜಿ ತೋರಿಸಿದರು. ಬೀಜ? ನಾನು ತಲೆಯಾಡಿಸಿದೆ. ತೋರುಬೆರಳನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ಇಲ್ಲ? ಇಲ್ಲ. ಆಮೇಲೆ ಒಂದೊಂದಾಗಿ ತಂದು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. ನಿಂಬೆ? ಆಗಬಹುದು. ಕುಂಬಳ? ಆಗದು. ಕೊನೆಗೆ ಒಂದು ಅಂಜೂರವನ್ನು ಎರಡು ಹೋಳು ಮಾಡಿ ಒಳಗೆ ನೋಡಿ ಹಣೆ ಹಿಡಿದುಕೊಂಡು ಕೂತರು.

“ಯಾರಿಗೆ ಮಾತು ಕೊಟ್ಟಿದ್ದು?” ಎಂದು ಕೇಳಿದರು.

“ನನ್ನ ಅಮ್ಮನಿಗೆ. ಅಮ್ಮ ದೇವರಿಗೆ.”

“ಸರಿ. ನಾನು ಇದೀನಿ,” ಎಂದರು.

ಅಂದಿನಿಂದ ಆ ಬೆರಳ ಭಾಷೆ ನಮ್ಮಿಬ್ಬರದಾಯಿತು. ತಟ್ಟೆ ಇಡುವಾಗೆಲ್ಲ ಹೆಬ್ಬೆರಳು ಕಿರುಬೆರಳ ಮೇಲೆ, ಆಮೇಲೆ ತೋರುಬೆರಳು ಎಡಕ್ಕೆ ಬಲಕ್ಕೆ. ಬೀಜ ಇಲ್ಲ, ತಿನ್ನು. ಬೆಣ್ಣೆ, ಚೀಸ್, ಕಾಳುಮೆಣಸು ಹಾಕಿದ ಗವಲಿ, ನಿಂಬೆ ಹಿಂಡಿದ ಸೊಪ್ಪು, ಗರಿಗರಿ ಆಲೂಗಡ್ಡೆ. ಒಂದು ದಿನ ಕೇಳಿದರು, “ತಿಂಗಳು ಮುಗಿದ ಮೇಲೆ?” “ಎಲ್ಲ ತಿನ್ನಬಹುದು, ನೊನ್ನಾ.” “ಎಲ್ಲ?” “ಎಲ್ಲ.” ಅವರು ಏನೋ ಲೆಕ್ಕ ಹಾಕುವವರಂತೆ ಒಲೆಯ ಹಿಂದಿನ ಬಾಗಿಲನ್ನು ನೋಡಿದರು.

ನವೆಂಬರ್ ಮೊದಲ ದಿನ ಭಾನುವಾರವಾಗಿತ್ತು. ಹಿಂದಿನ ಸಂಜೆ ಹ್ಯಾಲೋವೀನ್. ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಸಬ್‌ಡಿವಿಷನ್ನಿನ ತುಂಬ ಮಂಜು. ಎದುರು ಮನೆಯ ಹುಲ್ಲಿನ ಮೇಲೆ ಗಾಳಿ ತುಂಬಿ ನಿಲ್ಲಿಸಿದ್ದ ಭೂತಗಳು ಗಾಳಿ ಹೋಗಿ ಬಟ್ಟೆಯ ರಾಶಿಗಳಾಗಿ ಬಿದ್ದಿದ್ದವು. ಎರಡಾಳೆತ್ತರದ ಅಸ್ಥಿಪಂಜರವೊಂದು ಮಾತ್ರ ನಿಂತೇ ಇತ್ತು.

ಅಂದು ಬೆಳಿಗ್ಗೆ ಸಾಲ್ ಅಂಕಲ್ ಹಿತ್ತಿಲಲ್ಲಿ ಅಂಜೂರದ ಮರವನ್ನು ಹೂಳಿದರು. ಮಿಶಿಗನ್ನಿನ ಚಳಿಗೆ ಅದು ಸಾಯುತ್ತದೆ. ಅದಕ್ಕೆ ಪ್ರತಿ ವರ್ಷ ಒಂದು ಬದಿಯ ಬೇರು ಕಡಿದು, ಕೊಂಬೆಗಳನ್ನು ಹಗ್ಗದಿಂದ ಬಿಗಿದು, ಮರವನ್ನು ಉದ್ದಕ್ಕೂ ತೋಡಿದ ಗುಂಡಿಯಲ್ಲಿ ಮಲಗಿಸಿ, ಹಳೆಯ ಕಾರ್ಪೆಟ್ ಹೊದಿಸಿ ಮಣ್ಣು ಎಳೆಯುತ್ತಾರೆ. ಟೀನಾ, ನಾನು ಕಾಂಡವನ್ನು ಅದುಮಿ ಹಿಡಿದೆವು. ಅದು ಕೈಯಡಿ ನಿಧಾನ ಬಗ್ಗುತ್ತಾ ಮೆಲ್ಲಗೆ ನರಳಿತು. ಮಣ್ಣು ಹಾಕಿ ಮುಗಿದಾಗ ಆ ದಿಬ್ಬ ಒಬ್ಬ ಮನುಷ್ಯನಷ್ಟು ಉದ್ದವಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ನೊನ್ನಾ ಆ ವರ್ಷದ ಮೆಣಸಿನಕಾಯಿಯ ಮೊದಲ ಸೀಸೆ ತೆಗೆದರು. ಟಕ್. ಸುಟ್ಟ ಮೆಣಸಿನಕಾಯಿಯ ಸಿಹಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಕೆಟ್ಟ ವಾಸನೆ ಎಳ್ಳಷ್ಟೂ ಇರಲಿಲ್ಲ. ಇದನ್ನು ನಾನು ಆಮೇಲೆ ಬಹಳ ಜನರಿಗೆ ಹೇಳಬೇಕಾಯಿತು, ಅವರು ನಂಬಲಿಲ್ಲ.

“ಈ ವರ್ಷ ವಿನೆಗರ್ ಇಲ್ಲ,” ಎಂದರು ನೊನ್ನಾ. “ಸಾಲ್ವತೋರೆಗೆ ಹೊಟ್ಟೆ ಉರಿ. ಬರೀ ಎಣ್ಣೆ, ಉಪ್ಪು, ಬೆಳ್ಳುಳ್ಳಿ.”

“ನೋಡಿದ್ಯಾ, ಅರವತ್ತು ವರ್ಷಕ್ಕೆ ನಮ್ಮಮ್ಮ ಮೊದಲ ಸಲ ನನ್ನ ಮಾತು ಕೇಳಿದಾಳೆ. ಇದಕ್ಕೊಂದು ರಜೆ ಘೋಷಿಸಬೇಕು,” ಎಂದು ಸಾಲ್ ಅಂಕಲ್ ತಟ್ಟೆಗೆ ಸುರಿದುಕೊಂಡರು. ಟೀನಾ ಫೋನಿನಲ್ಲಿ ಮಾತಾಡುತ್ತಾ ಬ್ರೆಡ್ಡಿನ ಮೇಲೆ ಒಂದು ಚೂರು ಇಟ್ಟುಕೊಂಡಳು. ನೊನ್ನಾ ತಮ್ಮ ತಟ್ಟೆ ತುಂಬ ಹಾಕಿಕೊಂಡು ಬ್ರೆಡ್ಡಿನಿಂದ ಎಣ್ಣೆ ಒರೆಸಿ ಒರೆಸಿ ತಿಂದರು.

ನನ್ನ ಬಾಯಲ್ಲಿ ನೀರೂರಿತು. ಒಂದು ಚೂರು ಬ್ರೆಡ್ ಹಿಡಿದು ಸೀಸೆಯತ್ತ ಕೈ ಚಾಚಿದೆ. “ಬೀಜ ತೆಗೆದಿದೀರಲ್ಲ, ನೊನ್ನಾ,” ಎಂದೆ.

ಅವರು ನನ್ನ ಮಣಿಕಟ್ಟು ಹಿಡಿದರು. ಹಿಡಿತ ಗಟ್ಟಿಯಾಗಿತ್ತು.

“ತೆಗೆದಿದೀನಿ. ಆದ್ರೆ ಇತ್ತು. ದೇವರಿಗೆ ಗೊತ್ತು, ಇತ್ತು ಅಂತ.”

“ಬಿಡಜ್ಜಿ, ಒಂದ್ ತುಂಡು,” ಎಂದಳು ಟೀನಾ.

“ನಿನಗೇನು ಗೊತ್ತು? ಅವಳ ಅಮ್ಮನಿಗೆ ನಾನು ಉತ್ತರ ಕೊಡಬೇಕು,” ಎಂದು ನೊನ್ನಾ ಸೀಸೆಯನ್ನು ಮೇಜಿನ ಆ ತುದಿಗೆ ಸರಿಸಿಬಿಟ್ಟರು.

ಮರುದಿನ ಅವರಲ್ಲಿ ಸತ್ತವರ ದಿನ. ಆ ಸಂಜೆಯೇ ನೊನ್ನಾ ಮೇಜಿನ ಮೇಲೆ ಒಂದು ತಟ್ಟೆ, ಬ್ರೆಡ್, ನೀರಿನ ಹೂಜಿ ಇಟ್ಟರು, ಮನೆಯಿಂದ ಹೋದವರು ಬಂದು ಉಂಡು ಹೋಗಲೆಂದು. ನಮ್ಮ ಪಕ್ಷಮಾಸ ನೆನಪಾಯಿತು. ಎಡೆ ಇಡುವ ಕೈ ಎಲ್ಲ ಕಡೆ ಒಂದೇ ಥರ ಮೆಲ್ಲಗೆ ಇಡುತ್ತದೆ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕಾಫಿಗೆ ಕೆಳಗಿಳಿದೆ. ನೊನ್ನಾ ನೀರು ಕುಡಿಯುತ್ತಾ ನಿಂತಿದ್ದರು. ನನ್ನನ್ನು ನೋಡಿದರು, ಆಮೇಲೆ ನನ್ನ ಭುಜದ ಪಕ್ಕಕ್ಕೆ ನೋಡಿದರು.

“ಪಾಲಾ, ನಿನ್ನ ಜೊತೆ ಬಂದವಳು ಯಾರು?”

ತಿರುಗಿ ನೋಡಿದೆ. ಮೆಟ್ಟಿಲು ಖಾಲಿ.

“ಯಾರೂ ಇಲ್ಲ, ನೊನ್ನಾ.”

“ನಿನ್ನ ಹಾಗೇ ಇದಾಳೆ. ಕೂರಕ್ಕೆ ಹೇಳು.” ದನಿ ಮೂಗಿನಿಂದ ಬರುತ್ತಿತ್ತು, ನೆಗಡಿಯಾದವರ ಹಾಗೆ. ಸತ್ತವರ ತಟ್ಟೆಯ ಪಕ್ಕದಲ್ಲಿ ಇನ್ನೊಂದು ತಟ್ಟೆ ತಂದಿಟ್ಟರು. ಮೇಜಿನ ಅಂಚು ಸಿಗದೆ ಕೈ ಒಮ್ಮೆ ಗಾಳಿಯಲ್ಲಿ ಇಳಿಯಿತು.

ಮೇಲೆ ಹೋಗಿ ಸಾಲ್ ಅಂಕಲ್‌ಗೂ ಟೀನಾಗೂ ಹೇಳಿದೆ. ಸಾಲ್ ಅಂಕಲ್ ತಲೆಕೆಡಿಸಿಕೊಳ್ಳಲಿಲ್ಲ. “ಇವತ್ತು ಅವರ ದಿನ ಅಲ್ವಾ. ಪ್ರತಿ ವರ್ಷ ಅಮ್ಮನಿಗೆ ಯಾರಾದ್ರೂ ಕಾಣಿಸ್ತಾರೆ. ಹೋದ ವರ್ಷ ನಮ್ಮಪ್ಪ ಬಂದು ಸಾಸ್‌ಗೆ ಉಪ್ಪು ಕಮ್ಮಿ ಅಂದಿದ್ನಂತೆ,” ಎಂದರು. ಟೀನಾ ನಕ್ಕಳು. ನಾನೂ ನಕ್ಕೆ. ಬೇರೆ ಯಾವ ದಿನವಾಗಿದ್ದರೂ ಡಾಕ್ಟರಿಗೆ ಫೋನ್ ಮಾಡುತ್ತಿದ್ದೆವು. ಅಂದು ಸತ್ತವರು ಬರುವುದು ಸಹಜವಾಗಿತ್ತು. ಬಂದವಳು ಸತ್ತವಳಲ್ಲ, ನಾನೇ ಎರಡಾಗಿ ಕಂಡಿದ್ದೆ ಎಂದು ಯಾರಿಗೂ ಹೊಳೆಯಲಿಲ್ಲ.

ಸಂಜೆ ಬರುವಷ್ಟರಲ್ಲಿ ನೊನ್ನಾರ ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಎದುರಿನವರನ್ನು ನೋಡಲು ತಲೆಯನ್ನೇ ಹಿಂದಕ್ಕೆ ವಾಲಿಸುತ್ತಿದ್ದರು. ಒಂದು ಗುಟುಕು ಸಾರು ಬಾಯಿಗಿಟ್ಟರೆ ಮೂಗಿನಿಂದ ಬಂತು. ಸ್ಟ್ರೋಕ್ ಇರಬೇಕೆಂದು ಸಾಲ್ ಅಂಕಲ್ ಆಸ್ಪತ್ರೆಗೆ ಕರೆದೊಯ್ದರು. ತಲೆಯ ಸ್ಕ್ಯಾನ್ ಮಾಡಿದರು, ಏನೂ ಕಾಣಲಿಲ್ಲ. ವಯಸ್ಸು ಎಂದರು, ನಾಳೆ ಮತ್ತೆ ನೋಡೋಣ ಎಂದರು.

ಮಂಗಳವಾರ ಬೆಳಿಗ್ಗೆ ಟೀನಾ, ನಾನು ಅವಳ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ಅವಳು ಡ್ರೈವ್ ಮಾಡುತ್ತಿದ್ದಳು. ಎಂ-59 ಹೆದ್ದಾರಿಯಲ್ಲಿ ಎಪ್ಪತ್ತು ಮೈಲಿ ವೇಗ, ಮುಂದೆ ಒಂದು ದೊಡ್ಡ ಟ್ರಕ್, ರಸ್ತೆಯ ಮೇಲೆ ಮಂಜಿನ ತೇಪೆಗಳು. ಟೀನಾ ಒಂದು ಕಣ್ಣು ಮುಚ್ಚಿಕೊಂಡಿದ್ದಳು.

“ಕಣ್ಣಿಗೆ ಏನಾದ್ರೂ ಬಿತ್ತಾ?”

“ಇಲ್ಲ. ಹೀಗೆ ಮುಚ್ಚಿಕೊಂಡ್ರೆ ಒಂದೇ ಆಗುತ್ತೆ.”

“ಏನು ಒಂದಾಗುತ್ತೆ?”

“ಟ್ರಕ್ಕು. ಪಲ್ಲವಿ, ಎರಡರಲ್ಲಿ ಯಾವುದು ನಿಜವಾದ್ದು, ಎಡಗಡೆದಾ ಬಲಗಡೆದಾ?”

ಆ ಪ್ರಶ್ನೆ ನನಗೆ ಈಗಲೂ ಕೇಳುತ್ತದೆ, ಅದೇ ಸಾದಾ ದನಿಯಲ್ಲಿ, ಸಕ್ಕರೆ ಬೇಕಾ ಎಂದು ಕೇಳಿದ ಹಾಗೆ. ನಾನು ಸ್ಟಿಯರಿಂಗಿಗೆ ಕೈಹಾಕಿದೆ. “ಕಾಲು ಗ್ಯಾಸ್‌ನಿಂದ ತೆಗಿ. ಬಲಕ್ಕೆ. ಇನ್ನೂ ಬಲಕ್ಕೆ. ಎಕ್ಸಿಟ್ ಬಂತು, ನಾನು ಹೇಳಿದ ಹಾಗೆ ತಿರುಗಿಸು.” ಟ್ರಕ್ಕಿನ ಹಿಂಬದಿಯ ಕೆಂಪು ದೀಪ ನನ್ನ ಮುಖದ ಮೇಲೆ ಹಾದುಹೋಯಿತು. ಎಕ್ಸಿಟ್ಟಿನ ಅಂಚಿನಲ್ಲಿ ಕಾರು ನಿಂತಾಗ ಟೀನಾಳ ಮುಖ ನೋಡಿದೆ. ತೆರೆದಿದ್ದ ಕಣ್ಣಿನ ರೆಪ್ಪೆಯೂ ಇಳಿಯುತ್ತಿತ್ತು. ಬಾಯಿ ಒಣಗಿದೆ, ನೀರಿದೆಯಾ ಎಂದಳು. ಆಗ ನನಗೆ ತಿಳಿಯಿತು, ನೊನ್ನಾಗೆ ಆಗಿದ್ದು ವಯಸ್ಸಿನಿಂದಲ್ಲ. ಆ ಮನೆಯಲ್ಲಿ ಏನೋ ಇದೆ, ಅದು ಒಬ್ಬೊಬ್ಬರನ್ನಾಗಿ ಮುಚ್ಚುತ್ತಿದೆ, ಮತ್ತು ನಾನೂ ಅದೇ ಮನೆಯಲ್ಲಿ ಉಂಡು ಮಲಗಿದ್ದೇನೆ. ಉಳಿದ ದಾರಿ ನಾನೇ ಡ್ರೈವ್ ಮಾಡಿದೆ. ಪ್ರತಿ ಸಿಗ್ನಲ್ಲಿನಲ್ಲೂ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಂಡೆ.

ಆಸ್ಪತ್ರೆಯಲ್ಲಿ ನೊನ್ನಾರ ಕಣ್ಣು ಪೂರ್ತಿ ಮುಚ್ಚಿತ್ತು. ಮಾತು ನಿಂತಿತ್ತು. ಸಾಲ್ ಅಂಕಲ್ ಮಂಚದ ಪಕ್ಕ ಕೂತಿದ್ದರು. ಬಾಯಲ್ಲಿ ಹತ್ತಿ ಇಟ್ಟುಕೊಂಡವರಂತೆ ಮಾತು ತೊದಲುತ್ತಿತ್ತು. ನಿದ್ದೆಯಿಲ್ಲ ಅಷ್ಟೇ ಎಂದರು. ನೊನ್ನಾರ ಬಲಗೈ ಹೊದಿಕೆಯ ಮೇಲೆ ಅಲುಗುತ್ತಿತ್ತು. ಹೆಬ್ಬೆರಳು ಬೆರಳ ತುದಿಗಳನ್ನು ಸವರುತ್ತಿತ್ತು, ಮತ್ತೆ ಮತ್ತೆ.

“ಜಪಮಾಲೆ ಕೇಳ್ತಿದಾಳೆ,” ಎಂದು ಅವರು ಮಾಲೆಯನ್ನು ತಾಯಿಯ ಬೆರಳುಗಳ ನಡುವೆ ಇಟ್ಟರು. ನೊನ್ನಾ ಅದನ್ನು ಬಿಟ್ಟುಬಿಟ್ಟರು. ಅದು ಜಾರಿ ನೆಲಕ್ಕೆ ಬಿತ್ತು. ಸಾಲ್ ಅಂಕಲ್ ಎತ್ತಿ ಮತ್ತೆ ಇಟ್ಟರು. ಮತ್ತೆ ಬಿತ್ತು. ಅವರ ಕಣ್ಣಲ್ಲಿ ನೀರು ಬಂತು. “ಪ್ರಾರ್ಥನೇನೂ ಮರೆತುಹೋಯ್ತು ಅವಳಿಗೆ,” ಎಂದರು.

ನಾನು ಹತ್ತಿರ ಹೋದೆ. “ನೊನ್ನಾ, ಪಾಲಾ ಬಂದಿದೀನಿ,” ಎಂದೆ. ಕೈ ಒಂದು ಕ್ಷಣ ನಿಂತಿತು. ಆಮೇಲೆ ಹೆಬ್ಬೆರಳಿನ ಉಗುರು ತೆವಳುತ್ತಾ ಹೋಗಿ ಕಿರುಬೆರಳ ತುದಿ ಮುಟ್ಟಿತು. ಮೆಲ್ಲಗೆ ಉಜ್ಜಿತು. ತೋರುಬೆರಳು ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ.

ಬೀಜ. ಇಲ್ಲ.

ಅವರು ಒಳಗೆ ಪೂರ್ತಿ ಎಚ್ಚರವಾಗಿದ್ದರು. ಮುಚ್ಚಿದ ರೆಪ್ಪೆಯ ಹಿಂದೆ ಕೂತು, ಏನಾಗಿದೆ ಎಂದು ಯೋಚಿಸಿ, ನಮಗಿಂತ ಮೊದಲೇ ಕಂಡುಕೊಂಡಿದ್ದರು. ಮೂವರೂ ತಿಂದದ್ದು, ನಾನೊಬ್ಬಳು ತಿನ್ನದೇ ಇದ್ದದ್ದು. ಒಳಗೆ ಬಂದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರಿಗೆ ಹೇಳಿದೆ, ಇವರೊಬ್ಬರೇ ಅಲ್ಲ, ಮೂವರು, ಈ ಮಗನ ಮಾತು ಕೇಳಿ, ಹೊರಗೆ ಕೂತಿರುವ ಮೊಮ್ಮಗಳ ಕಣ್ಣು ನೋಡಿ. ಭಾನುವಾರ ಒಂದು ಸೀಸೆ ತೆಗೆದರು. ಮನೆಯಲ್ಲಿ ಹಾಕಿದ ಮೆಣಸಿನಕಾಯಿ, ಎಣ್ಣೆಯಲ್ಲಿ, ವಿನೆಗರ್ ಇಲ್ಲದೆ.

“ನೀವು ತಿಂದ್ರಾ?”

“ಇಲ್ಲ.”

“ಖಂಡಿತ?”

“ಇವರೇ ಬಿಡಲಿಲ್ಲ.”

ಡಾಕ್ಟರ್ ಓಡದೆ, ಆದರೆ ಓಡುವವರ ಮುಖ ಹೊತ್ತು ಹೊರಗೆ ಹೋದರು.

ಅದಕ್ಕೆ ಬಾಟ್ಯುಲಿಸಮ್ ಎನ್ನುತ್ತಾರೆ. ಹುಳಿಯಿಲ್ಲದ, ಗಾಳಿಯಾಡದ ಎಣ್ಣೆಯೊಳಗೆ ಹುಟ್ಟುವ ವಿಷ. ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿನಿಂದ ಶುರುವಾಗಿ ಕೆಳಗಿಳಿಯುತ್ತದೆ. ನಾಲಿಗೆ, ಗಂಟಲು, ಕೊನೆಗೆ ಉಸಿರು. ಬುದ್ಧಿಯನ್ನು ಮಾತ್ರ ಮುಟ್ಟುವುದಿಲ್ಲ. ಪ್ರತಿಮದ್ದು ಇದೆ, ಷಿಕಾಗೋದಿಂದ ವಿಮಾನದಲ್ಲಿ ಬರಬೇಕು ಎಂದರು. ಷಿಕಾಗೋದಲ್ಲೂ ಮಂಜು. ಆ ಹಗಲೆಲ್ಲ ನಾವು ಕಾದೆವು. ಅದು ಬರುವ ಮೊದಲೇ ನೊನ್ನಾರ ಎದೆ ಏರಿಳಿಯುವುದು ಸಣ್ಣದಾಗುತ್ತಾ ಬಂದು, ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಸೇರಿಸಿದರು. ಮದ್ದು ಬಂದ ಮೇಲೂ ಡಾಕ್ಟರ್ ಹೇಳಿದ್ದು ಒಂದೇ. ಇನ್ನು ಮುಂದಕ್ಕೆ ಹರಡುವುದಿಲ್ಲ, ಹೋದದ್ದು ತಾನಾಗಿ ಚಿಗುರಬೇಕು, ಈ ವಯಸ್ಸಿಗೆ ಚಿಗುರುತ್ತದೋ ಇಲ್ಲವೋ ಗೊತ್ತಿಲ್ಲ.

ಕಾಯುವ ಆ ಹೊತ್ತಿನಲ್ಲೇ ಕೌಂಟಿಯ ಆರೋಗ್ಯ ಇಲಾಖೆಯ ಹೆಂಗಸೊಬ್ಬರಿಗೆ ಮನೆ ತೋರಿಸಲು ನಾನು ಹೋಗಬೇಕಾಯಿತು. ಮಧ್ಯಾಹ್ನದ ಬೆಳಕು ಬೇಸ್‌ಮೆಂಟಿನ ಸಣ್ಣ ಕಿಟಕಿಯಿಂದ ಬಿದ್ದಿತ್ತು. ಮೇಜಿನ ಮೇಲೆ ಸತ್ತವರ ತಟ್ಟೆ, ಪಕ್ಕದಲ್ಲಿ ನನ್ನ ಜೊತೆ ಬಂದವಳ ತಟ್ಟೆ. ಯಾರೂ ತೆಗೆದಿರಲಿಲ್ಲ. ಬ್ರೆಡ್ ಕಲ್ಲಾಗಿತ್ತು. ಆಕೆ ಕೈಗವಸು ಹಾಕಿಕೊಂಡು ಫ್ರಿಜ್ಜಿನಿಂದ ಆ ಸೀಸೆ ತೆಗೆದು ಚೀಲಕ್ಕೆ ಹಾಕಿದರು. ಆಮೇಲೆ ಒಲೆಯ ಹಿಂದಿನ ಬಾಗಿಲು ತೆಗೆದರು. ಒಳಗಿನಿಂದ, “ಪಾಲಾ ಅಂದ್ರೆ ಯಾರು?” ಎಂದು ಕೇಳಿದರು.

ಕೆಳಗಿನ ಹಲಗೆಯ ಮೇಲೆ, ಉಳಿದವುಗಳಿಂದ ದೂರ, ಒಂದು ಸೀಸೆ ಬೇರೆಯಾಗಿ ನಿಂತಿತ್ತು. ಎಲ್ಲಕ್ಕಿಂತ ಕೆಂಪಾದ, ಚೆಲುವಾದ ಮೆಣಸಿನಕಾಯಿಗಳನ್ನು ಆರಿಸಿ ತುಂಬಿದ್ದು. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ವ್ರತ ಮುಗಿದ ದಿನಕ್ಕೆ ನನಗೆಂದು ತೆಗೆದಿಟ್ಟದ್ದು. ಆಗ ಆ ತೋರುಬೆರಳಿನ ಅರ್ಥ ಪೂರ್ತಿಯಾಯಿತು. ಅವರು ತಮಗೇನಾಗಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಉಸಿರು ಸಣ್ಣದಾಗುತ್ತಿದ್ದಾಗ, ಉಳಿದ ಒಂದೆರಡು ಬೆರಳಿನ ಬಲವನ್ನು ನನ್ನನ್ನು ತಡೆಯಲು ಖರ್ಚು ಮಾಡುತ್ತಿದ್ದರು. ಅದನ್ನು ತಿನ್ನಬೇಡ. ಆ ಸೀಸೆಯಲ್ಲೂ ವಿಷವಿತ್ತು ಎಂದು ಲ್ಯಾಬಿನಿಂದ ಆಮೇಲೆ ತಿಳಿಯಿತು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ, “ನೋಡಿದ್ಯೇನು, ವ್ರತ ನಿನ್ನ ಕಾಯ್ತು,” ಎಂದಳು.

“ನಾ ಕೈ ಚಾಚಿದ್ದೆ ಅಮ್ಮ. ಕೈ ಹಿಡದಾಕಿ ಅಕಿ. ವ್ರತ ಅಲ್ಲ.”

“ಅಕಿ ಯಾಕ ಹಿಡದ್ಳು?” ಎಂದಳು ಅಮ್ಮ.

ಟೀನಾ ಬೇಗ ಚೇತರಿಸಿಕೊಂಡಳು. ಸಾಲ್ ಅಂಕಲ್ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಮನೆಗೆ ಬಂದರು. ನೊನ್ನಾ ಚಳಿಗಾಲವಿಡೀ ಯಂತ್ರದ ಉಸಿರಿನಲ್ಲಿದ್ದರು. ನಾನು ಕೆಲಸ ಮುಗಿಸಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಒಳಗೆ ಎಚ್ಚರವಾಗಿರುವವರ ಜೊತೆ ಏನು ಮಾತಾಡುವುದು? ಇಂಗ್ಲಿಷ್ ಬೇಗ ಮುಗಿದುಹೋಗುತ್ತಿತ್ತು. ಕನ್ನಡದಲ್ಲಿ ಮಾತಾಡತೊಡಗಿದೆ. ಹೊರಗೆ ಎಷ್ಟು ಹಿಮ ಬಿದ್ದಿದೆ, ನಮ್ಮಜ್ಜಿ ಗವಲಿ ಒಣಗಿಸಲು ಪಂಚೆ ಹಾಸುತ್ತಿದ್ದದ್ದು ಎಲ್ಲಿ, ಇಂಥದ್ದೇ. ಒಂದು ದಿನ ಫೆಬ್ರವರಿಯಲ್ಲಿ, ಮಾತಿನ ನಡುವೆ, ಎಡ ರೆಪ್ಪೆ ಒಂದು ಗೆರೆಯಷ್ಟು ತೆರೆಯಿತು. ಆ ಗೆರೆಯಲ್ಲಿ ಕಣ್ಣು ನನ್ನತ್ತ ತಿರುಗಿತು. ನರ್ಸನ್ನು ಕರೆಯಲು ಎದ್ದೆ.

ಮೇ ತಿಂಗಳ ಒಂದು ಭಾನುವಾರ ಟೀನಾ ಫೋನ್ ಮಾಡಿದಳು. “ಅಜ್ಜಿ ಅಡುಗೆ ಮಾಡ್ತಿದಾಳೆ. ಬೇಡ ಅಂದ್ರೆ ಕೇಳಲ್ಲ. ನಿನ್ನ ಕರಿ ಅಂತಿದಾಳೆ.” ಆ ಹೊತ್ತಿಗೆ ನಾನು ನನ್ನ ಅಪಾರ್ಟ್‌ಮೆಂಟಿಗೆ ಮರಳಿದ್ದೆ. ಅಲ್ಲಿ ಪ್ಯಾಕೆಟ್ ಬಿಸ್ಕತ್ತು, ನನ್ನ ಕೈಯಾರೆ ಕುದಿಸಿದ ಅನ್ನ, ಇಷ್ಟೇ ತಿನ್ನುತ್ತಿದ್ದೆ.

ಹೋದೆ. ಸೀಸೆಗಳ ಕೋಣೆಯನ್ನು ಸಾಲ್ ಅಂಕಲ್ ಖಾಲಿ ಮಾಡಿ ಬಾಗಿಲು ತೆಗೆದಿಟ್ಟಿದ್ದರು. ನೊನ್ನಾ ಕುರ್ಚಿಯ ಮೇಲೆ ಕೂತೇ ಒಲೆಯ ಮೇಲಿನ ಪಾತ್ರೆ ಕಲಕುತ್ತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಗಂಟಲಲ್ಲಿ ಗಾಯದ ಗುರುತು. ಅವರಿಗೆ ಗಟ್ಟಿಯಾದದ್ದು ನುಂಗಲು ಬರುತ್ತಿರಲಿಲ್ಲವಾದ್ದರಿಂದ ಮನೆಯವರೆಲ್ಲ ಮೆತ್ತಗೆ ಬೆಂದದ್ದನ್ನೇ ತಿನ್ನುತ್ತಿದ್ದರಂತೆ. ಅಂದು ಅನ್ನವನ್ನು ಬೆಣ್ಣೆ ಹಾಕಿ ಕರಗುವವರೆಗೆ ಬೇಯಿಸಿದ್ದರು. ಬಡಿಸಿ, ತಟ್ಟೆಯನ್ನು ನನ್ನ ಮುಂದೆ ತಂದಿಟ್ಟರು.

ನನ್ನ ಕೈ ಮಡಿಲಿನಿಂದ ಮೇಲೇಳಲಿಲ್ಲ. ಚಮಚ ನೋಡಿದೆ. ಅನ್ನ ನೋಡಿದೆ. ಅದರಲ್ಲಿ ಏನೂ ಇಲ್ಲ ಎಂದು ಗೊತ್ತಿತ್ತು. ನವೆಂಬರಿನ ಆ ಭಾನುವಾರವೂ ಎಲ್ಲರಿಗೂ ಹಾಗೆಯೇ ಗೊತ್ತಿತ್ತು.

“ಇವತ್ತು ನನಗೆ ಉಪವಾಸ,” ಎಂದೆ.

ಟೀನಾ ತಟ್ಟೆಯ ಕಡೆ ನೋಡಿದಳು. ಸಾಲ್ ಅಂಕಲ್, “ಅಮ್ಮ, ಬಿಡು, ಅವಳಿಗೆ ಬಲವಂತ ಮಾಡಬೇಡ,” ಎಂದರು ಮೆಲ್ಲಗೆ.

ನೊನ್ನಾ ನನ್ನ ಮುಖವನ್ನು ನೋಡುತ್ತಾ ಇದ್ದರು. ಆಮೇಲೆ ಕೈ ಚಾಚಿ ನನ್ನ ತಟ್ಟೆಯಿಂದ, ನನ್ನ ಚಮಚದಲ್ಲಿ, ತುಂಬ ಅನ್ನ ತೆಗೆದುಕೊಂಡರು. ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನುಂಗುವುದು ಅವರಿಗೆ ಸುಲಭವಿರಲಿಲ್ಲ. ಗಂಟಲು ಒಮ್ಮೆ ಏರಿ ನಿಂತಿತು, ಕೆಮ್ಮು ಬಂತು, ತಡೆದರು, ಮತ್ತೆ ಏರಿತು. ನಾವು ಮೂವರೂ ಉಸಿರು ಹಿಡಿದು ಆ ಗಂಟಲನ್ನೇ ನೋಡಿದೆವು. ಇಳಿಯಿತು. ಅವರು ಕಣ್ಣು ತೆರೆದರು. ಚಮಚವನ್ನು ಒರೆಸದೆ ನನ್ನ ತಟ್ಟೆಗೆ ಮರಳಿಸಿದರು.

ನಮ್ಮ ಮನೆಯಲ್ಲಿ ಅಜ್ಜಿ ಬದುಕಿದ್ದಷ್ಟು ಕಾಲವೂ ಒಬ್ಬರ ಎಂಜಲನ್ನು ಇನ್ನೊಬ್ಬರು ತಿಂದದ್ದನ್ನು ನಾನು ಕಂಡಿಲ್ಲ. ನಾನು ಆ ಚಮಚ ಎತ್ತಿಕೊಂಡೆ. ಅದು ಇನ್ನೂ ಒದ್ದೆಯಾಗಿತ್ತು. ಅನ್ನ ತುಂಬಿಕೊಂಡೆ, ಅರ್ಧ ಮೇಜಿನ ಮೇಲೆ ಬಿತ್ತು. ಉಳಿದದ್ದನ್ನು ತಿಂದೆ.